ವೇಬ್ರಿಜ್ ಟಿವಿಯಲ್ಲಿ ಬೀಜಿಂಗ್

2008ರಲ್ಲಿ ನಾನು ಸಂಡೂರು-ತೋರಣಗಲ್ಲು ರಸ್ತೆಯ ಒಂದು ವೇಬ್ರಿಜ್‌ನಲ್ಲಿ ಸ್ಲಿಪ್ ಬರೆಯುತ್ತಿದ್ದೆ. ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆದರೆ ಕಬ್ಬಿಣದ ಅದಿರು. ಕೆಲಸ ಇಷ್ಟೇ. ಬೆಳಿಗ್ಗೆ ಹಾಕಿದ ಬಿಳಿ ಅಂಗಿ ಮಧ್ಯಾಹ್ನದ ಹೊತ್ತಿಗೆ ಕೆಂಪು. ಬೇವಿನ ಗಿಡಗಳೂ ಕೆಂಪು, ಹೋಟೆಲಿನವನು ಮಿರ್ಚಿಯ ಮೇಲೆ ಮುಚ್ಚಿದ ಪೇಪರೂ ಕೆಂಪು.

ಅದಿರು ಚೀನಾಕ್ಕೆ ಹೋಗುತ್ತದೆ ಅನ್ನೋದು ಕ್ಲೀನರ್ ಹುಡುಗರಿಗೂ ಗೊತ್ತಿತ್ತು. ಗಟ್ಟಿ ಅದಿರು ಬಿಡಿ, ಮೊದಲು ಯಾರೂ ಕೇಳದೆ ಗುಡ್ಡೆ ಬಿದ್ದಿದ್ದ ಫೈನ್ಸ್, ಅಂದರೆ ಪುಡಿ ಅದಿರನ್ನೂ ಚೀನಾದವರು ದುಡ್ಡು ಕೊಟ್ಟು ಒಯ್ದರು. ಬೇಲೆಕೇರಿ, ಕೃಷ್ಣಪಟ್ಟಣಂ, ಚೆನ್ನೈ ಬಂದರುಗಳಿಗೆ ಹಗಲು ರಾತ್ರಿ ಸಾಗಾಟ.

ಆಗಸ್ಟ್ 8, ಶ್ರಾವಣದ ಮೊದಲ ಶುಕ್ರವಾರ. ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ. ಅಲ್ಲಿ ರಾತ್ರಿ ಎಂಟಾದರೆ ನಮಗೆ ಸಂಜೆ ಐದೂವರೆ. ಕೋಣೆಯ ಸಣ್ಣ ಟಿವಿಯಲ್ಲಿ ದೂರದರ್ಶನ ಹಾಕಿದ್ದೆವು. ಸರದಿಗೆ ಕಾಯುತ್ತಿದ್ದ ಡ್ರೈವರುಗಳು ಬಾಗಿಲಲ್ಲಿ, ಕಿಟಕಿಯಲ್ಲಿ ತಲೆ ತೂರಿಸಿಕೊಂಡು ನಿಂತಿದ್ದರು. 2008 ಜನ ಒಟ್ಟಿಗೆ ವಾದ್ಯ ಬಡಿಯುತ್ತಿದ್ದರು. ಒಬ್ಬರ ಕೈಯೂ ಹಿಂದೆ ಮುಂದೆ ಇಲ್ಲ. ನೋಡುತ್ತಾ ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ಕೂಡ್ಲಿಗಿ ಕಡೆಯ ಹಿರಿಯ ಡ್ರೈವರ್ ಒಬ್ಬರಿದ್ದರು. ಸಾಲ ಮಾಡಿ ಸ್ವಂತ ಲಾರಿ ತಗೊಂಡಿದ್ದರು. ನಾವೆಲ್ಲ ಅವರನ್ನು ಮಾವ ಅಂತಲೇ ಕರೆಯೋದು. ಅವರ ಚಿಂತೆ ಬೇರೆ: "ಅಲ್ಲೋ, ಇಷ್ಟು ಮಂದಿಗೆ ಊಟ ಯಾರು ಹಾಕ್ತಾರೆ?"

ಆಮೇಲೆ ಕ್ಯಾಮೆರಾ ಮೇಲಕ್ಕೆ ಹೋಗಿ, ಹಕ್ಕಿ ಗೂಡಿನ ಆಕಾರದ ಆ ಕ್ರೀಡಾಂಗಣವನ್ನು ಪೂರ್ತಿ ತೋರಿಸಿತು. ಮಾವ ಎದ್ದೇ ನಿಂತರು. "ನೋಡ್ರಲೇ, ಅದು ನಮ್ಮ ಮಣ್ಣು! ನನ್ನ ಲೋಡು ಅಲ್ಲೇ ಎಲ್ಲೋ ಐತೆ." ಎಲ್ಲರೂ ನಕ್ಕರು. ಆದರೆ ಇಲ್ಲ ಅಂತ ಯಾರೂ ಅನ್ನಲಿಲ್ಲ.

ರಾಜ್ಯವರ್ಧನ್ ಸಿಂಗ್ ರಾಠೋಡ್ ತ್ರಿವರ್ಣ ಧ್ವಜ ಹಿಡಿದು ಬಂದಾಗ ಚಪ್ಪಾಳೆ ಹೊಡೆದೆವು, ನಿಜ. ಆದರೂ ಎದೆ ಉಬ್ಬಿದ್ದು ಆ ಉಕ್ಕಿನ ಗೂಡು ನೋಡಿದಾಗಲೇ.

ನನಗೆ ಲೆಕ್ಕದ ಚಾಳಿ. ಕ್ರೀಡಾಂಗಣಕ್ಕೆ 42,000 ಟನ್ ಉಕ್ಕು ಹಿಡಿಯಿತು ಅಂತ ಪೇಪರಿನಲ್ಲಿ ಬಂದಿತ್ತು. ಒಂದು ಟನ್ ಉಕ್ಕಿಗೆ ಸುಮಾರು 1.6 ಟನ್ ಅದಿರು ಬೇಕು. ಲಾರಿಗೆ 16 ಟನ್ ಹಿಡಿದರೆ (ಪರ್ಮಿಟ್ ಪ್ರಕಾರ, ಲಾರಿಯೊಳಗೆ ಎಷ್ಟಿರುತ್ತಿತ್ತು ಅನ್ನೋದು ಬೇರೆ ಮಾತು) ನಾಲ್ಕು ಸಾವಿರ ಚಿಲ್ಲರೆ ಲಾರಿ. ಬಳ್ಳಾರಿ-ಹೊಸಪೇಟೆ ಸುತ್ತ ಆಗ ದಿನಕ್ಕೆ ಸಾವಿರಾರು ಲಾರಿ ಓಡುತ್ತಿದ್ದವು. "ಮಾವ, ಇಡೀ ಸ್ಟೇಡಿಯಂ ಕಟ್ಟಿದರೂ ನಮ್ಮ ಕೆಲವೇ ದಿನದ ಲೋಡು" ಅಂದೆ.

ಮಾವ ಸಪ್ಪಗಾದರು. "ಹಂಗಾರೆ ಮಿಕ್ಕಿದ್ದೆಲ್ಲ ಎಲ್ಲಿ ಹೋತು ಅಳಿಯ?"

ಆ ವರ್ಷ ಚೀನಾ ತಯಾರಿಸಿದ ಉಕ್ಕು 50 ಕೋಟಿ ಟನ್ ಆಸುಪಾಸು. ನಮ್ಮ ದೇಶದ್ದು 6 ಕೋಟಿಯೂ ಇಲ್ಲ. ಸೇತುವೆ, ರೈಲು ಹಳಿ, ಹಡಗು, ಮುಗಿಲೆತ್ತರದ ಮನೆ: ಮಿಕ್ಕಿದ್ದು ಹೋದದ್ದು ಅಲ್ಲಿಗೆ. ಅವರ ಬಲ ಇದ್ದದ್ದೂ ಅಲ್ಲೇ. ಟಿವಿಯಲ್ಲಿ ಕಂಡದ್ದು ಅದರ ಮೆರವಣಿಗೆ. ಕ್ರೀಡಾಂಗಣದ ವಿಶೇಷ ಉಕ್ಕು ಹೆನಾನ್ ಪ್ರಾಂತ್ಯದ ಕಾರ್ಖಾನೆಯದು, ಅದರಲ್ಲಿ ನಮ್ಮ ಅದಿರು ಇತ್ತೆಂದು ಯಾರೂ ಹೇಳೋಕಾಗಲ್ಲ. ಅದನ್ನು ನಾನು ಮಾವನಿಗೆ ಹೇಳಲಿಲ್ಲ. ಸುಮ್ನೆ ಯಾಕೆ?

ಮುಂದಿನ ದಿನಗಳಲ್ಲಿ ಒಂದೊಂದೇ ಸುದ್ದಿ ಬಂತು. ಆಕಾಶದಲ್ಲಿ ಹೆಜ್ಜೆ ಮೂಡಿದಂತೆ ಸಿಡಿದ ಬಾಣಬಿರುಸುಗಳಲ್ಲಿ ಟಿವಿಗೆ ತೋರಿಸಿದ್ದು ಬಹುಪಾಲು ಕಂಪ್ಯೂಟರ್ ಚಿತ್ರವಂತೆ. ಹಾಡಿದ ಪುಟ್ಟ ಹುಡುಗಿ ಬರೀ ಬಾಯಾಡಿಸಿದ್ದಂತೆ, ದನಿ ಇನ್ನೊಂದು ಮಗುವಿನದು. ನನಗೇನೂ ಬೇಜಾರಾಗಲಿಲ್ಲ. ಮದುವೆ ಮನೆಯಲ್ಲಿ ಹಿತ್ತಲು ಕಾಣದಂತೆ ಪರದೆ ಕಟ್ಟಲ್ವಾ, ಹಾಗೆ. ನಾನು ಕೆಳಗಿಡದೆ ಓದಿದ್ದು ಬೇರೊಂದು ಸುದ್ದಿ. ಬಂದವರಿಗೆ ಗಾಳಿ ಚೊಕ್ಕಟವಾಗಿ ಕಾಣಲಿ ಅಂತ ಬೀಜಿಂಗ್ ಸುತ್ತಲ ಕಾರ್ಖಾನೆ ನಿಲ್ಲಿಸಿದ್ದರು, ಕಾರುಗಳನ್ನು ಸಮ-ಬೆಸ ನಂಬರಿನಂತೆ ದಿನ ಬಿಟ್ಟು ದಿನ ಬಿಡುತ್ತಿದ್ದರು. ಊರೊಳಗಿನ ಹಳೇ ಉಕ್ಕಿನ ಕಾರ್ಖಾನೆಯನ್ನೇ ದೂರದ ಸಮುದ್ರ ತೀರಕ್ಕೆ ಸಾಗಿಸುವ ಕೆಲಸವೂ ನಡೆದಿತ್ತು. ಓದಿ ಹೇಳಿದರೆ ಮಾವ ಕೆಮ್ಮುತ್ತಲೇ ನಕ್ಕರು. "ನಮ್ಮ ಸಂಡೂರಾಗೂ ಒಂದು ಒಲಿಂಪಿಕ್ಸ್ ಇಡಿಸ್ರಪ್ಪ, ಹದಿನೈದು ದಿನನಾದ್ರೂ ಉಸಿರಾಡ್ತೀವಿ."

ಧೂಳು ನಿಂತದ್ದು ಮೂರು ವರ್ಷದ ಮೇಲೆ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲೂಟಿ ನಡೆದ ರೀತಿ ನೋಡಿದರೆ ನಿಲ್ಲಿಸಲೇಬೇಕಿತ್ತು. ಮಾವನ ಲಾರಿಯನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋದರು. ನಾನು ಬಳ್ಳಾರಿಯ ಒಂದು ಗೊಬ್ಬರದ ಅಂಗಡಿಗೆ ಸೇರಿದೆ.

2036ರ ಒಲಿಂಪಿಕ್ಸ್ ನಾವೇ ನಡೆಸುತ್ತೇವೆ ಎಂದು ಭಾರತ 2024ರ ಅಕ್ಟೋಬರ್‌ನಲ್ಲಿ ಪತ್ರ ಕೊಟ್ಟಿತು. ಕೂಡ್ಲಿಗಿಯಲ್ಲಿ ಸಿಕ್ಕಾಗ ಮಾವನಿಗೆ ಹೇಳಿದೆ. ಅವರ ಮುಖ ಅರಳಿತು.

"ಸ್ಟೇಡಿಯಂ ಯಾವೂರಾಗೆ?"

"ಅಹಮದಾಬಾದ್ ಅಂತಾರೆ."

"ಅದಿರು ಎಲ್ಲಿಂದಂತೆ?"