ಸೆಕೆಂಡ್ ಚಾನ್ಸ್ ಕೊಡಬೇಕಾ ಅಂತ ಕೇಳುವವರಿಗೆ

ನಾನು ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುತ್ತೇನೆ ಅಂತ ಗೊತ್ತಾದವರಿಂದ ಪ್ರಶ್ನೆ ಹೀಗೆ ಬರುತ್ತದೆ: "ಅಲ್ಲಾ, ಹುಡುಗಿ ಮೇಲೆ ಕೈ ಮಾಡಿದವನು, ಕಳ್ಳತನ ಮಾಡಿ ಸಿಕ್ಕಿಬಿದ್ದವನು, ಅಂಥವರನ್ನೆಲ್ಲ ವಾಪಸ್ ಟೀಮಿಗೆ ತಗೊಂಡು ಆಡಿಸ್ತಾರಲ್ಲ? ಅವರಿಗೆ ಸೆಕೆಂಡ್ ಚಾನ್ಸ್ ಕೊಡಬೇಕಾ? ಹೆಂಗಸಾಗಿ ನೀವು ಅದನ್ನ ಹೇಗೆ ನೋಡ್ತೀರಿ?"

ಮೊದಮೊದಲು ನಗುನಗುತ್ತಾ ಉತ್ತರ ಕೊಡುತ್ತಿದ್ದೆ. ಈಗ ಸಾಕಾಗಿದೆ. ಬರೆದು ಇಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನಿರುವುದು ಅಮೆರಿಕದ ಓಕ್ಲಹೋಮಾದಲ್ಲಿ. ಇಲ್ಲಿ ಸೆಪ್ಟೆಂಬರ್ ಬಂತೆಂದರೆ ಶನಿವಾರ ಪೂರ್ತಿ ಕಾಲೇಜು ಫುಟ್‌ಬಾಲ್. ಕಾಲಲ್ಲಿ ಒದೆಯುವ ಆಟ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟ. ಐಪಿಎಲ್ ಅನ್ನು ವಿಶ್ವವಿದ್ಯಾಲಯಗಳೇ ನಡೆಸಿದರೆ ಹೇಗಿರುತ್ತೋ ಹಾಗೆ ಅಂದುಕೊಳ್ಳಿ. ನಾರ್ಮನ್ ಅನ್ನುವ ಊರಿನ ಸ್ಟೇಡಿಯಂನಲ್ಲಿ 80,000ಕ್ಕೂ ಹೆಚ್ಚು ಜನ ಕೂರುತ್ತಾರೆ. ಆಡುವವರು ವಿದ್ಯಾರ್ಥಿಗಳು. 2021ರ ತನಕ ಅವರು ಒಂದು ಜಾಹೀರಾತಿನಿಂದಲೂ ದುಡ್ಡು ಮುಟ್ಟುವಂತಿರಲಿಲ್ಲ. ಬಹಳಷ್ಟು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಗವರ್ನರ್ ಅಲ್ಲ, ಯಾವುದೋ ಕಾಲೇಜು ಕೋಚ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಆ "ಹೆಂಗಸಾಗಿ". ನನ್ನ ಗಂಡ ಅದೇ ಸೋಫಾದಲ್ಲಿ, ಅದೇ ಮ್ಯಾಚನ್ನು, ನನಗಿಂತ ಜೋರಾಗಿ ಕಿರುಚುತ್ತಾ ನೋಡುತ್ತಾರೆ. "ಗಂಡಸಾಗಿ ನೀವು ಇದನ್ನ ಹೇಗೆ ನೋಡ್ತೀರಿ" ಅಂತ ಅವರನ್ನು ಈವರೆಗೆ ಒಂದು ಪ್ರಾಣಿಯೂ ಕೇಳಿಲ್ಲ. ಹುಡುಗಿಗೆ ಹೊಡೆದದ್ದಕ್ಕೆ ಉತ್ತರ ಕೊಡುವ ಕೆಲಸವೂ ಹೆಂಗಸಿನದೇ ಅಂತಾಯಿತು.

ಎರಡನೆಯದು ಆ "ಅಂಥವರು". ಯಾರನ್ನು ಯಾರ ಜೊತೆ ಸೇರಿಸುತ್ತಿದ್ದೀರಿ ಸ್ವಲ್ಪ ನೋಡಿ. 2014ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಜೇಮಿಸ್ ವಿನ್‌ಸ್ಟನ್ ಅಂಗಡಿಯಿಂದ ದುಡ್ಡು ಕೊಡದೆ ಏಡಿಕಾಲು ಎತ್ತಿಕೊಂಡು ಬಂದ. ದೇಶದ ಅತ್ಯುತ್ತಮ ಕಾಲೇಜು ಆಟಗಾರ ಅಂತ ಪ್ರಶಸ್ತಿ ಪಡೆದವನು, ಏಡಿಗಾಗಿ ಇಪ್ಪತ್ತು ಗಂಟೆ ಸಮುದಾಯ ಸೇವೆ ಮಾಡಿದ. ಕ್ಯಾಮ್ ನ್ಯೂಟನ್ 2008ರಲ್ಲಿ ಕದ್ದ ಲ್ಯಾಪ್‌ಟಾಪ್ ಕೇಸಿನಲ್ಲಿ ಸಿಕ್ಕಿಬಿದ್ದ. ಫ್ಲಾರಿಡಾ ವಿಶ್ವವಿದ್ಯಾಲಯ ಬಿಟ್ಟು ಟೆಕ್ಸಾಸ್‌ನ ಬ್ಲಿನ್ ಅನ್ನುವ ಎರಡು ವರ್ಷದ ಕಾಲೇಜಿಗೆ ಹೋದ. ಅಲ್ಲಿ ಗೆದ್ದು, ಆಬರ್ನ್ ವಿಶ್ವವಿದ್ಯಾಲಯಕ್ಕೆ ಹೋಗಿ, 2010ರ ಸೀಸನ್ನಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ. ಒಂದು ಲ್ಯಾಪ್‌ಟಾಪಿಗೆ ಜೀವನಪೂರ್ತಿ ಶಿಕ್ಷೆ ಕೊಡಬೇಕು ಅನ್ನುವವರು ಕೈ ಎತ್ತಿ. ಯಾರೂ ಇಲ್ಲ ಅಲ್ವಾ? ಹಾಗಾದರೆ ಇವರನ್ನು ಮೂಳೆ ಮುರಿದವನ ಜೊತೆ ಒಂದೇ ಉಸಿರಿನಲ್ಲಿ ಹೇಳಬೇಡಿ.

ಮೂಳೆ ಮುರಿದವನ ವಿಷಯಕ್ಕೇ ಬರೋಣ. ಅದು ನಮ್ಮೂರ ಕಡೆಯದ್ದೇ.

2014ರ ಜುಲೈ. ಜೋ ಮಿಕ್ಸನ್‌ಗೆ ಹದಿನೆಂಟು ವರ್ಷ. ಓಕ್ಲಹೋಮಾ ವಿಶ್ವವಿದ್ಯಾಲಯಕ್ಕೆ ಆಗಷ್ಟೇ ಸೇರಿದ್ದ. ಇನ್ನೂ ಒಂದು ಮ್ಯಾಚೂ ಆಡಿರಲಿಲ್ಲ. ರಾತ್ರಿ ಸ್ಯಾಂಡ್‌ವಿಚ್ ಅಂಗಡಿಯೊಂದರಲ್ಲಿ ಮಾತಿಗೆ ಮಾತು ಬೆಳೆಯಿತು. ವಿದ್ಯಾರ್ಥಿನಿಯೊಬ್ಬಳು ಅವನನ್ನು ತಳ್ಳಿದಳು, ಕೆನ್ನೆಗೆ ಹೊಡೆದಳು. ಅವನು ಮುಷ್ಟಿ ಬಿಗಿದು ಒಂದು ಗುದ್ದಿದ. ಮುಖದ ಮೂಳೆಗಳು ಮುರಿದವು. ಕೋರ್ಟಿನಲ್ಲಿ ನೂರು ಗಂಟೆ ಸಮುದಾಯ ಸೇವೆ ಮತ್ತು ಕೌನ್ಸೆಲಿಂಗ್ ಅಂತಾಯಿತು. ಕಾಲೇಜು ಅವನನ್ನು ಒಂದು ಸೀಸನ್ ಟೀಮಿನಿಂದ ಹೊರಗಿಟ್ಟಿತು. ಆದರೆ ಸ್ಕಾಲರ್‌ಶಿಪ್ ಉಳಿಸಿತು, ಕ್ಲಾಸಿಗೆ ಬಾ ಅಂದಿತು. 2015ರಲ್ಲಿ ಮೈದಾನಕ್ಕೆ ಇಳಿಸಿತು.

ಅಂಗಡಿಯ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ಆ ವಿಡಿಯೊ ಬೇಕು ಅಂತ ಟಿವಿಯವರು ಕೋರ್ಟಿಗೆ ಹೋದರು. ರಾಜ್ಯದ ಸುಪ್ರೀಂ ಕೋರ್ಟಿನ ತನಕ ಹೋಗಿ ಗೆದ್ದರು. 2016ರ ಡಿಸೆಂಬರ್ 16, ಶುಕ್ರವಾರ, ಅದು ಹೊರಗೆ ಬಂತು. ಮಾರನೇ ದಿನ ನಮ್ಮ ಕನ್ನಡದವರ ಪಾಟ್‌ಲಕ್ ಇತ್ತು, ಅಂದರೆ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಊಟ.

ಎಲ್ಲರ ಕೈಯಲ್ಲೂ ಒಂದು ತಟ್ಟೆ ಪುಳಿಯೋಗರೆ, ಒಂದು ಫೋನು, ಫೋನಿನಲ್ಲಿ ಅದೇ ವಿಡಿಯೊ. ಆ ಗುದ್ದನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡುತ್ತಿದ್ದರು. ಎರಡು ವರ್ಷದಿಂದ ಪತ್ರಿಕೆಯಲ್ಲಿ ಬಂದಿದ್ದ ಸುದ್ದಿಯೇ ಅದು. ಮಿಕ್ಸನ್ ಚೆಂಡು ಹಿಡಿದು ಓಡಿದಾಗ ಇದೇ ಜನ ಇದೇ ಸೋಫಾ ಮೇಲೆ ಎದ್ದು ನಿಂತಿದ್ದರು. ಕಣ್ಣಾರೆ ನೋಡಿದ ಮೇಲೆ ಮಾತ್ರ ಎಲ್ಲರಿಗೂ ಸಿಟ್ಟು ಬಂತು. ನಮ್ಮವರನ್ನೇ ಏಕೆ ಬೈಯಲಿ? ಕೋಚ್ ಬಾಬ್ ಸ್ಟೂಪ್ಸ್ ಆ ವಿಡಿಯೊವನ್ನು 2014ರಲ್ಲೇ ನೋಡಿದ್ದರು. ಶಿಕ್ಷೆ ಎಷ್ಟು ಅಂತ ನಿರ್ಧರಿಸಿದ್ದೇ ಆಮೇಲೆ. 2016ರ ಡಿಸೆಂಬರಿನಲ್ಲಿ, ಈಗಾಗಿದ್ದರೆ ಅವನನ್ನು ತೆಗೆದುಹಾಕುವುದೊಂದೇ ದಾರಿ ಅಂದರು. ಹುಡುಗ ಅದೇ, ಗುದ್ದು ಅದೇ. ನೋಡುವವರು ಜಾಸ್ತಿಯಾಗಿದ್ದರು, ಅಷ್ಟೇ.

ಅಲ್ಲಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ನೀವು ಫುಟ್‌ಬಾಲ್ ಪಂಡಿತರು, ಹೇಳಿ ಮೇಡಂ. ಇಂಥವರಿಗೆಲ್ಲ ಸೆಕೆಂಡ್ ಚಾನ್ಸ್ ಯಾಕೆ? ಒದ್ದು ಒಳಗೆ ಹಾಕಬೇಕು. ಇವರ ಜನಾನೇ ಹಿಂಗೆ."

ಇವರ ಜನ. ಮಿಕ್ಸನ್ ಕಪ್ಪು ಹುಡುಗ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ ತಾನೆ?

ಈಗ ಒಂದು ವಿಷಯ. ಅದೇ ವರ್ಷ ಅದೇ ಬಳಗದ ಹುಡುಗನೊಬ್ಬ ಕುಡಿದು ಕಾರು ಓಡಿಸಿ ಪೊಲೀಸರ ಕೈಗೆ ಸಿಕ್ಕಿದ್ದ. ಇಲ್ಲಿ ಓದಲು ಬಂದವನು. ಇಂಥ ಕೇಸಾದರೆ ವೀಸಾಗೇ ಕುತ್ತು ಬರಬಹುದು. ಆಗ ಏನಾಯಿತು ಗೊತ್ತಾ? ಅರ್ಧ ದಿನದಲ್ಲಿ ಲಾಯರು ಸಿಕ್ಕಿದರು. ಒಬ್ಬರು ಜಾಮೀನಿನ ದುಡ್ಡು ಹೊಂದಿಸಿದರು. ಇನ್ನೊಬ್ಬರು ದಿನಾ ಅವನನ್ನು ಕಾಲೇಜಿಗೆ ಕರೆದುಕೊಂಡು ಹೋಗಿ ಬಿಟ್ಟರು. ಊರಲ್ಲಿ ಅಪ್ಪ ಅಮ್ಮನಿಗೆ ತಿಳಿಯದ ಹಾಗೆ ಎಲ್ಲರೂ ಬಾಯಿ ಮುಚ್ಚಿಕೊಂಡರು. "ವಯಸ್ಸು ಪಾಪ, ಫ್ರೆಂಡ್ಸ್ ಸಹವಾಸ" ಅಂದರು. ಈ ಹಿರಿಯರೂ ಅಂದರು. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ, ಒಳ್ಳೆಯದೇ ಮಾಡಿದರು. ಆದರೆ ನಮ್ಮ ಹುಡುಗನಿಗೆ ಚಾನ್ಸ್ ಕೊಡಬೇಕಾ ಬೇಡವಾ ಅಂತ ಯಾರೂ ಚರ್ಚೆ ಇಟ್ಟುಕೊಳ್ಳಲಿಲ್ಲ. ಸುಮ್ನೆ ಕೊಟ್ಟುಬಿಟ್ಟರು.

ಇದನ್ನು ಅಲ್ಲೇ, ಎಲ್ಲರ ಎದುರಿಗೆ ಹೇಳಿದೆ. ಪುಳಿಯೋಗರೆ ಹಿಡಿದವರೆಲ್ಲ ಕಾರ್ಪೆಟ್ ನೋಡತೊಡಗಿದರು. ಮನೆಗೆ ಬರುವಾಗ ಕಾರಿನಲ್ಲಿ ನನ್ನ ಗಂಡ "ಬೇಕಿತ್ತಾ?" ಅಂದರು. ಬೇಕಿತ್ತು.

ಹಾಗಂತ ನಾನು ಮಿಕ್ಸನ್ ಪರ ವಕಾಲತ್ತು ಹಾಕುತ್ತಿಲ್ಲ. ಅವನಿಗೆ ಓದಲು ಬಿಟ್ಟದ್ದು ಸರಿ. ಕೌನ್ಸೆಲಿಂಗ್ ಸರಿ. ಮೈದಾನ? ಅಲ್ಲಿ ನನ್ನ ತಕರಾರು ಇದೆ. ವಿಡಿಯೊ ಬಂದ ಎರಡೇ ವಾರಕ್ಕೆ, 2017ರ ಜನವರಿ 2ರಂದು, ಅವನು ಶುಗರ್ ಬೌಲ್ ಅನ್ನುವ, ಸೀಸನ್ ಕೊನೆಯ ದೊಡ್ಡ ಮ್ಯಾಚಿನಲ್ಲಿ ಆಡಿದ. ಓಕ್ಲಹೋಮಾ ಗೆದ್ದಿತು. ಅವನ ಮುಂದಿನ ಬದುಕು ಚೆನ್ನಾಗಿರಲಿ ಅಂತ ಕಾಮೆಂಟೇಟರ್ ಬ್ರೆಂಟ್ ಮಸ್‌ಬರ್ಗರ್ ಟಿವಿಯಲ್ಲೇ ಹಾರೈಸಿದರು. ಜನ ಬೈದರು. ಅವರು ಅದೇ ಮ್ಯಾಚಿನಲ್ಲಿ ಮತ್ತೊಮ್ಮೆ ಮೈಕ್ ಹಿಡಿದು ತಮ್ಮ ಮಾತನ್ನೇ ಸಮರ್ಥಿಸಿಕೊಂಡರು.

ಚಾನ್ಸ್ ಅಂದರೆ ಮೈದಾನವೇ ಅಂತ ಯಾರು ಹೇಳಿದ್ದು? ಓದುವುದು, ಕೆಲಸ ಮಾಡುವುದು, ತಲೆ ಎತ್ತಿ ಊರಲ್ಲಿ ಓಡಾಡುವುದು, ಇದು ಎಲ್ಲರಿಗೂ ಸಿಗಬೇಕು. ಸಾವಿರಾರು ಜನರ ಚಪ್ಪಾಳೆ ಯಾರ ಹಕ್ಕೂ ಅಲ್ಲ. ಮಾರಿಸ್ ಕ್ಲಾರೆಟ್‌ನನ್ನೇ ನೋಡಿ. ಒಹಾಯೊ ಸ್ಟೇಟ್‌ಗೆ 2002ರ ಸೀಸನ್ನಿನಲ್ಲಿ ಚಾಂಪಿಯನ್‌ಶಿಪ್ ತಂದುಕೊಟ್ಟವನು. 2006ರಲ್ಲಿ ದರೋಡೆ ಕೇಸಿನಲ್ಲಿ ಜೈಲಿಗೆ ಹೋದ, 2010ರಲ್ಲಿ ಹೊರಗೆ ಬಂದ. ಈಗ ತನ್ನೂರು ಯಂಗ್ಸ್‌ಟೌನ್‌ನಲ್ಲಿ ಮಾನಸಿಕ ಆರೋಗ್ಯ, ವ್ಯಸನ ಅಂತ ಒದ್ದಾಡುವವರಿಗಾಗಿ ಸಂಸ್ಥೆ ಕಟ್ಟಿದ್ದಾನೆ. ಆ ಚಾನ್ಸನ್ನು ಅವನಿಗೆ ಯಾವ ಕೋಚೂ ಕೊಡಲಿಲ್ಲ.

ಇನ್ನೊಂದು ಕಡೆ ನೆಬ್ರಾಸ್ಕಾದ ಲಾರೆನ್ಸ್ ಫಿಲಿಪ್ಸ್. 1995ರ ಸೆಪ್ಟೆಂಬರಿನಲ್ಲಿ ಹಳೆಯ ಗೆಳತಿಯ ಮೇಲೆ ಹಲ್ಲೆ ಮಾಡಿ, ಮೆಟ್ಟಿಲ ಮೇಲೆ ಎಳೆದುಕೊಂಡು ಹೋದ. ಕೋಚ್ ಟಾಮ್ ಆಸ್‌ಬರ್ನ್ ಅವನನ್ನು ಆರು ಮ್ಯಾಚು ಹೊರಗಿಟ್ಟು ವಾಪಸ್ ತಂದರು. ಅವರ ವಾದ ಇಷ್ಟು: ತಂದೆ ತಾಯಿ ಜೊತೆ ಬೆಳೆಯದ, ಅನಾಥರ ಥರ ಗ್ರೂಪ್ ಹೋಮ್‌ನಲ್ಲಿ ಬೆಳೆದ ಹುಡುಗ. ಫುಟ್‌ಬಾಲ್ ಒಂದೇ ಅವನನ್ನು ಹಿಡಿದಿಟ್ಟಿರುವುದು, ಅದನ್ನೂ ಕಿತ್ತುಕೊಂಡರೆ ಪೂರ್ತಿ ಹಾಳಾಗುತ್ತಾನೆ. ನಾನು ಈ ವಾದವನ್ನು ನಗೆಯಾಡುವುದಿಲ್ಲ. ಆಸ್‌ಬರ್ನ್ ಅದನ್ನು ನಂಬಿಯೇ ಹೇಳಿದರು ಅನ್ನಿಸುತ್ತದೆ. ಆದರೆ ಅವನು ವಾಪಸ್ ಬಂದದ್ದು ಚಾಂಪಿಯನ್‌ಶಿಪ್ ಕಣ್ಣೆದುರಿಗೆ ಇದ್ದಾಗ. 1996ರ ಜನವರಿಯಲ್ಲಿ, ಚಾಂಪಿಯನ್ ಯಾರಂತ ತೀರ್ಮಾನಿಸಿದ ಫಿಯೆಸ್ಟಾ ಬೌಲ್ ಮ್ಯಾಚಿನಲ್ಲಿ, ಫ್ಲಾರಿಡಾ ವಿರುದ್ಧ 62–24ರ ಗೆಲುವು. ಅವನು 165 ಗಜ ಓಡಿದ. ಟ್ರೋಫಿ ಕಾಲೇಜಿಗೆ ಉಳಿಯಿತು. ಫಿಲಿಪ್ಸ್ ಉಳಿಯಲಿಲ್ಲ. ಮತ್ತೆ ಮತ್ತೆ ಹಿಂಸೆ, ಕೇಸು, ಮೂವತ್ತು ವರ್ಷಕ್ಕೂ ಮೀರಿದ ಶಿಕ್ಷೆ. 2016ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಜೈಲಿನಲ್ಲಿ, ನಲವತ್ತನೇ ವಯಸ್ಸಿಗೆ ಸತ್ತ. ಅವನಿಗೆ ಬೇಕಾಗಿದ್ದ ಸಹಾಯ ಏನಿತ್ತೋ, ಅದು ಫಿಯೆಸ್ಟಾ ಬೌಲ್‌ನಲ್ಲಂತೂ ಇರಲಿಲ್ಲ.

"ಆರೋಪವೇ ಸುಳ್ಳಾಗಿದ್ದರೆ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹೌದು, ಆಗುತ್ತದೆ. ಬ್ರಯನ್ ಬ್ಯಾಂಕ್ಸ್ ಅನ್ನುವ ಹುಡುಗ ಹೈಸ್ಕೂಲಿನಲ್ಲಿದ್ದಾಗ ಸುಳ್ಳು ಆರೋಪಕ್ಕೆ ಸಿಕ್ಕಿ ಐದು ವರ್ಷ ಜೈಲಿನಲ್ಲಿ ಕಳೆದ. 2012ರಲ್ಲಿ ನಿರ್ದೋಷಿ ಅಂತಾಯಿತು. ಅದಕ್ಕೇ ನಾನು ಹೇಳುವುದು, ನಿಜ ಸುಳ್ಳು ತೂಗುವ ಕೆಲಸ ಕೋಚ್‌ನದ್ದಲ್ಲ ಅಂತ. ಗೆದ್ದರೆ ಬೋನಸ್, ಸೋತರೆ ಮನೆಗೆ ಅನ್ನುವ ಮನುಷ್ಯ ನ್ಯಾಯಾಧೀಶನಾಗಿ ಕೂರಬಾರದು. ಕೆಲವರಿಗೆ ಇದು ಅರ್ಥವಾಗಿದೆ. ಜಾರ್ಜಿಯಾದಲ್ಲಿ ಕೌಟುಂಬಿಕ ಹಿಂಸೆ ಕೇಸಿನಿಂದ ಹೊರಬಿದ್ದವನನ್ನು ಅಲಬಾಮಾ ಸೇರಿಸಿಕೊಂಡು, ಅಲ್ಲೂ ಅವನು ಮತ್ತೆ ಬಂಧನವಾಗಿ ಹೊರಬಿದ್ದ ಮೇಲೆ, 2015ರಲ್ಲಿ ದಕ್ಷಿಣದ ಕಾಲೇಜುಗಳ ಕೂಟ ಎಸ್‌ಇಸಿ ಒಂದು ನಿಯಮ ಮಾಡಿತು. ಇಂಥ ಗಂಭೀರ ಕಾರಣಕ್ಕೆ ಒಂದು ಕಾಲೇಜು ತೆಗೆದುಹಾಕಿದವನನ್ನು ಕೂಟದ ಇನ್ನೊಂದು ಕಾಲೇಜು ತೆಗೆದುಕೊಳ್ಳುವಂತಿಲ್ಲ. 2017ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯವೂ ತನ್ನದೇ ನಿಯಮ ತಂದಿತು.

ಸರಿ. ನನ್ನನ್ನು ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಅಲ್ಲ, ಒಬ್ಬರು ಕೇಳಿದ್ದರು. ಆ ಪಾಟ್‌ಲಕ್ ದಿನವೇ, ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುತ್ತಾ. ಮಗಳ ಬಾಣಂತನಕ್ಕೆ ಹಾಸನದಿಂದ ಬಂದಿದ್ದ ಒಬ್ಬರು ಅಮ್ಮ. ಫುಟ್‌ಬಾಲ್ ಅಂದರೆ ಏನಂತಲೇ ಅವರಿಗೆ ಗೊತ್ತಿರಲಿಲ್ಲ. "ಆ ಹುಡುಗಿ ಕಾಲೇಜು ಮುಗಿಸಿದ್ಲೇನಮ್ಮಾ?" ಅಂದರು.

ಮಿಕ್ಸನ್ ಎಷ್ಟು ಗಜ ಓಡಿದ ಅಂತ ಬಾಯಿಪಾಠ ಒಪ್ಪಿಸುವವರು ಹಾಲ್ ತುಂಬಾ ಇದ್ದರು. ಇದಕ್ಕೆ ಯಾರ ಬಾಯಲ್ಲೂ ಉತ್ತರ ಇರಲಿಲ್ಲ.

ಫಿಲಿಪ್ಸ್ ಹೊಡೆದ ಹುಡುಗಿ ಅದೇ ನೆಬ್ರಾಸ್ಕಾದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ಅವಳದ್ದೂ ಅದೇ ಕಾಲೇಜು, ಅವಳಿಗೂ ಒಂದು ಸೀಸನ್ ಇತ್ತು. ಅವಳ ಸೀಸನ್ ಬಗ್ಗೆ ನನ್ನನ್ನು ಕೇಳಿದವರಿಲ್ಲ. 1998ರಲ್ಲಿ ಒರೆಗಾನ್‌ನಲ್ಲಿ ಬ್ರೆಂಡಾ ಟ್ರೇಸಿ ತನ್ನ ಮೇಲೆ ನಾಲ್ವರು ಅತ್ಯಾಚಾರ ಮಾಡಿದರು ಅಂತ ದೂರು ಕೊಟ್ಟರು. ಅವರಲ್ಲಿ ಇಬ್ಬರು ಒರೆಗಾನ್ ಸ್ಟೇಟ್ ಆಟಗಾರರು. ಕೇಸು ಮುಂದೆ ಹೋಗಲಿಲ್ಲ. ಕೋಚ್ ಮೈಕ್ ರೈಲಿ ಆ ಇಬ್ಬರನ್ನು ಒಂದೇ ಒಂದು ಮ್ಯಾಚು ಹೊರಗಿಟ್ಟರು. ಒಳ್ಳೆ ಹುಡುಗರೇ, ಏನೋ ಕೆಟ್ಟ ನಿರ್ಧಾರ ಅನ್ನುವ ಧಾಟಿಯಲ್ಲಿ ಪತ್ರಿಕೆಯವರ ಮುಂದೆ ಮಾತಾಡಿದರು. ಟ್ರೇಸಿ ಎರಡು ಮಕ್ಕಳ ತಾಯಿ. ಓದಿ ನರ್ಸ್ ಆದರು. 2014ರಲ್ಲಿ ಹೆಸರು ಮುಚ್ಚಿಡದೆ ಎಲ್ಲವನ್ನೂ ಹೇಳಿದರು. ಅತ್ಯಾಚಾರ ಮಾಡಿದವರಿಗಿಂತ ಆ ಕೋಚನ್ನೇ ಜಾಸ್ತಿ ದ್ವೇಷಿಸಿದೆ ಅಂದರು. 2016ರಲ್ಲಿ, ರೈಲಿ ನೆಬ್ರಾಸ್ಕಾಗೆ ಬಂದಿದ್ದಾಗ, ಅವರೇ ಟ್ರೇಸಿಯನ್ನು ತಮ್ಮ ಟೀಮಿನ ಮುಂದೆ ಮಾತಾಡಲು ಕರೆದರು. ಕ್ಷಮೆ ಕೇಳಿದರು. ಟ್ರೇಸಿ ಹೋದರು, ಮಾತಾಡಿದರು. ಸೆಕೆಂಡ್ ಚಾನ್ಸ್ ಇಲ್ಲಿ ಕೋಚ್‌ಗೆ ಸಿಕ್ಕಿತು, ಅದನ್ನು ಕೊಟ್ಟವರು ಟ್ರೇಸಿ. ಕೊಡುವ ಅಧಿಕಾರ ಯಾರಿಗಾದರೂ ಇದ್ದರೆ ಅವರಿಗೇ ಇತ್ತು ಅನ್ನುವುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಕೇಳಿದ ಮೇಲೂ "ಅದೆಲ್ಲ ಸರಿ, ಕೊಡಬೇಕಾ ಬೇಡವಾ, ಒಂದೇ ಮಾತಲ್ಲಿ ಹೇಳಿ" ಅನ್ನುವವರಿದ್ದಾರೆ. ತಗೊಳ್ಳಿ. ಏಡಿ, ಲ್ಯಾಪ್‌ಟಾಪು, ಪುಂಡಾಟಕ್ಕೆ ಕೊಡಿ. ಹೊಡೆದವನಿಗೆ ಓದಲು ಕೊಡಿ, ಆಡಲು ಬೇಡ. ಅವನ ಸ್ಕಾಲರ್‌ಶಿಪ್ ಎಲ್ಲಿಯ ತನಕ ನಡೆಯುತ್ತೋ ಅಲ್ಲಿಯ ತನಕ ಅವಳ ಫೀಸನ್ನೂ ಕಾಲೇಜೇ ಕಟ್ಟಲಿ. ತೀರ್ಮಾನ ಮಾಡುವ ಕೋಣೆಯೊಳಗೆ ಕೋಚ್ ಇರಬಾರದು. ಮತ್ತು ಮೂರನೇ ದರ್ಜೆಯ, ಬೆಂಚು ಕಾಯುವ ಹುಡುಗನಿಗೂ ಇದೇ ನಿಯಮ ಇರಲಿ. ಅವನು ಸಿಕ್ಕಿಬಿದ್ದರೆ ಸದ್ದಿಲ್ಲದೆ ಮನೆಗೆ ಕಳಿಸುತ್ತಾರೆ. ಅವನ ಸೆಕೆಂಡ್ ಚಾನ್ಸ್ ಬಗ್ಗೆ ಯಾವ ಪಾಟ್‌ಲಕ್‌ನಲ್ಲೂ ಚರ್ಚೆ ಆಗುವುದಿಲ್ಲ.

ಇದನ್ನೆಲ್ಲ ಕೇಳಿಸಿಕೊಂಡು, ತಲೆ ಆಡಿಸಿ, "ಬಹಳ ಸರಿ ಹೇಳಿದ್ರಿ ಮೇಡಂ" ಅಂದು, ಸ್ವಲ್ಪ ಹೊತ್ತು ಬಿಟ್ಟು, "ಅಂದಹಾಗೆ ಅಕ್ಟೋಬರ್‌ನಲ್ಲಿ ಡಲ್ಲಾಸ್‌ನಲ್ಲಿ ಟೆಕ್ಸಾಸ್ ಜೊತೆ ಮ್ಯಾಚ್ ಇದೆಯಲ್ಲ, ಟಿಕೆಟ್ ಏನಾದ್ರೂ ಸಿಗುತ್ತಾ?" ಅಂತ ಕೇಳುವವರೂ ಇದ್ದಾರೆ. ಅವರಿಗೆ ಬೇರೆಯಾಗಿ ಬರೆಯುವುದಿಲ್ಲ. ಇಲ್ಲೇ ಹೇಳಿಬಿಡುತ್ತೇನೆ: ಇಲ್ಲ, ಸಿಗಲ್ಲ. ಇರುವ ಎರಡರಲ್ಲಿ ಒಂದು ನನ್ನದು.