ಕೊರೊನಾಡೊನ ಸೈನ್ಯವನ್ನು ನೀರಿನ ಮೇಲೆ ನಡೆಸಿದ್ದು

ನಮ್ಮದು ಬೆಂಗಳೂರಿನ ಒಂದು ಜಿಐಎಸ್ ಕಂಪನಿ, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವವರು. ವರ್ಷವಿಡೀ ಜಮೀನಿನ ಪಾರ್ಸೆಲ್ ಡಿಜಿಟೈಸೇಶನ್, ಟೆಲಿಕಾಂ ಲೇಯರ್, ಕ್ಯೂಸಿ (ತಪ್ಪು ಹುಡುಕುವ ತಪಾಸಣೆ), ಮತ್ತೆ ಕ್ಯೂಸಿ. ಅದರ ನಡುವೆ ಅಮೆರಿಕದಿಂದ ಒಂದು ಬೇರೆ ಥರದ ಕೆಲಸ ಬಂತು. ಫ್ರಾನ್ಸಿಸ್ಕೊ ವಾಸ್ಕೆಸ್ ದೆ ಕೊರೊನಾಡೊ ಅನ್ನುವ ಸ್ಪೇನಿನ ದಂಡನಾಯಕ 1540ರಲ್ಲಿ ಮೆಕ್ಸಿಕೋದ ಕಾಂಪೋಸ್ಟೆಲಾದಿಂದ ಹೊರಟು, ಚಿನ್ನದ ಊರುಗಳನ್ನು ಹುಡುಕುತ್ತಾ ಮರುವರ್ಷ ಈಗಿನ ಕಾನ್ಸಾಸ್‌ವರೆಗೆ ಹೋದ. ಅಲ್ಲಿ ಕಂಡದ್ದು ಹುಲ್ಲಿನ ಮನೆಗಳು. ಅವನು ನಡೆದ ದಾರಿಯನ್ನು ಪ್ರವಾಸಿಗರ ನಕ್ಷೆಗೆ ಗುರುತಿಸಿಕೊಡಬೇಕು. ಟೆಕ್ಸಸ್ ಭಾಗ ನನ್ನ ಪಾಲಿಗೆ ಬಂತು.

ಸ್ಪೆಕ್ ನೋಡಿದಾಗಲೇ ಅನುಮಾನ ಬರಬೇಕಿತ್ತು. 'ಸಿಂಗಲ್ ಪಾಲಿಲೈನ್, ಗ್ಯಾಪ್ ಇರಕೂಡದು' ಅಂತ ಬರೆದಿತ್ತು, ಅಂದರೆ ಎಲ್ಲೂ ತುಂಡಾಗದ ಒಂದೇ ಗೆರೆ. ಅಲ್ಲಿನ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರೇ ಈ ದಾರಿಯನ್ನು ಅಧ್ಯಯನ ಮಾಡಿ, ಎಲ್ಲಿ ಹಾದುಹೋಗಿತ್ತೆಂದು ಖಚಿತವಾಗದೆ ರಾಷ್ಟ್ರೀಯ ಟ್ರೇಲ್ ಮಾಡುವುದನ್ನು ಕೈಬಿಟ್ಟಿದ್ದಾರೆ. ನಮ್ಮ ಮ್ಯಾನೇಜರ್‌ಗೆ ಇದನ್ನು ಹೇಳಿದೆ. "ಅವರಿಗೆ ಗೆರೆ ಬೇಕು ಕಣ್ರೀ, ಥೀಸಿಸ್ ಅಲ್ಲ" ಅಂದರು.

ಸರಿ, ಫ್ಲಾಯ್ಡಾಡಾ ಊರಿನ ಹತ್ತಿರದ ಬ್ಲಾಂಕೋ ಕಣಿವೆಯನ್ನು ಶುರುವಿನ ಪಾಯಿಂಟ್ ಮಾಡಿಕೊಂಡೆ. ಅಲ್ಲಿ ಅಡ್ಡಬಿಲ್ಲಿನ ತಾಮ್ರದ ಬಾಣದ ಮೊನೆಗಳು, ಕುದುರೆ ಲಾಳದ ಮೊಳೆಗಳು ಸಿಕ್ಕಿವೆ. ಕೊರೊನಾಡೊನ ಜನ ಅಲ್ಲಿ ಬೀಡುಬಿಟ್ಟಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇನ್ನೊಂದು ತುದಿ ಅರ್ಕಾನ್ಸಾ ನದಿ. ನಡುವೆ ಡಿಇಎಂ (ನೆಲದ ಎತ್ತರದ ಡೇಟಾ) ಹಾಕಿ, ಸ್ಲೋಪ್ ಅಂದರೆ ಇಳಿಜಾರು ತೆಗೆದು, ಲೀಸ್ಟ್ ಕಾಸ್ಟ್ ಪಾತ್, ಅಂದರೆ ನಡೆಯಲು ಅತಿ ಕಡಿಮೆ ಶ್ರಮದ ದಾರಿ ಹುಡುಕುವ ಟೂಲ್ ಓಡಿಸಿದೆ. ಮಧ್ಯೆ ಲೈಸೆನ್ಸ್ ಸರ್ವರ್ ಎರಡು ಸಲ ಕೈಕೊಟ್ಟಿತು, ಅದು ನಮ್ಮಲ್ಲಿ ಮಾಮೂಲು. ಬಂದ ಗೆರೆ ನೋಡಿ ಖುಷಿಯಾಯಿತು. ಬಯಲಿನಲ್ಲಂತೂ ಅಡಿಪಟ್ಟಿ ಇಟ್ಟು ಎಳೆದಷ್ಟು ನೇರ.

ರಿವ್ಯೂ ಕಾಲ್ ರಾತ್ರಿ ಒಂಬತ್ತೂವರೆಗೆ. ಕ್ಲೈಂಟ್ ಕಡೆಯಿಂದ ಒಬ್ಬ ಪುರಾತತ್ವದ ಮೇಡಂ ಇದ್ದರು, ವಯಸ್ಸಾದವರು, ಮಾತು ಕಡಿಮೆ. ನಾನು ಹುರುಪಿನಲ್ಲಿ, "ಈ ಬಯಲಿನಲ್ಲಿ ಮಾಡೆಲ್‌ಗೆ ತುಂಬಾ ಖಚಿತವಾಗಿದೆ, ನೋಡಿ, ಗೆರೆ ಎಲ್ಲೂ ಅಲುಗಾಡಿಲ್ಲ" ಅಂದೆ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಟ್ಯೂಲ್ ಕಣಿವೆಯ ಹತ್ತಿರ ಝೂಮ್ ಮಾಡಿ, ಉಪಗ್ರಹದ ಇಮೇಜರಿ ಆನ್ ಮಾಡಿ ಅಂದರು.

ವಿಪಿಎನ್ ಮೇಲೆ ಚಿತ್ರದ ಟೈಲ್‌ಗಳು ಒಂದೊಂದಾಗಿ ಬಿಚ್ಚಿಕೊಂಡವು. ಮೊದಲು ಕೆಂಪು ಮಣ್ಣು, ಆಮೇಲೆ ಕುರುಚಲು, ಆಮೇಲೆ ನೀಲಿ. ನನ್ನ ಗೆರೆ ಕಣಿವೆಗೆ ಇಳಿದು ಮಕೆಂಜಿ ಜಲಾಶಯದ ಮೇಲೆ ಈ ದಡದಿಂದ ಆ ದಡಕ್ಕೆ ಆರಾಮಾಗಿ ನಡೆದುಹೋಗಿತ್ತು. 1970ರ ದಶಕದ ಅಣೆಕಟ್ಟು ಅದು. ಡಿಇಎಂನಲ್ಲಿ ಕೆರೆಯ ಮೇಲ್ಮೈ ಚಪ್ಪಟೆ, ಸ್ಲೋಪ್ ಸೊನ್ನೆ. ಟೂಲ್‌ಗೆ ಅದಕ್ಕಿಂತ ಅಗ್ಗದ ದಾರಿ ಎಲ್ಲಿ ಸಿಗಬೇಕು? ಆ ಕಡೆ ಯಾರೂ ಮಾತಾಡುತ್ತಿಲ್ಲ. ಅಷ್ಟರಲ್ಲಿ ಶೇರ್ ಆಗಿದ್ದ ಸ್ಕ್ರೀನಿನ ಮೂಲೆಯಲ್ಲಿ ಮ್ಯಾನೇಜರ್ ಚಾಟ್ ಮೇಲೆದ್ದು ಬಂತು: "ಏನ್ರೀ ಇದು, ಸೈನ್ಯ ನೀರಿನ ಮೇಲೆ ನಡೀತಿದೆ?" ಪುಣ್ಯಕ್ಕೆ ಕನ್ನಡದಲ್ಲಿತ್ತು.

ಕೆರೆಗೆ ಮಾಸ್ಕ್ ಹಾಕಿ ಟೂಲ್ ಅಲ್ಲಿ ಕಾಲಿಡದಂತೆ ಮಾಡಿದರೆ ಸರಿಹೋಗುತ್ತದೆ, ನಾಳೆ ಕಳಿಸುತ್ತೇನೆ ಅಂದೆ. ಮೇಡಂ ನಕ್ಕರು. "ಕೆರೆ ಬಿಡಿ, ನನಗೆ ತೊಂದರೆ ಇರುವುದು ಆ ನೇರ ಗೆರೆಯದ್ದು" ಅಂದರು. ಬಯಲಿನಲ್ಲಿ ಎಲ್ಲ ಕಡೆಯೂ ಒಂದೇ ಸ್ಲೋಪ್. ಆರಿಸಿಕೊಳ್ಳಲು ಏನೂ ಇಲ್ಲದಾಗ ಟೂಲ್ ನೇರ ಹೋಗುತ್ತದೆ. ಅಂದರೆ ಅದಕ್ಕೆ ಏನೂ ಗೊತ್ತಿಲ್ಲದ ಜಾಗವನ್ನೇ ನಾನು ಖಚಿತ ಅಂತ ತೋರಿಸಿದ್ದೆ. ಕೊರೊನಾಡೊ ಜೊತೆಗಿದ್ದ ಕಾಸ್ತಾನ್ಯೇಡ ಬರೆದಿರುವುದನ್ನು ಅವರು ಹೇಳಿದರು: ಸಾವಿರ ಕುದುರೆ, ಐನೂರು ದನ, ಐದು ಸಾವಿರಕ್ಕೂ ಹೆಚ್ಚು ಕುರಿ, ಸಾವಿರದೈನೂರಕ್ಕೂ ಹೆಚ್ಚು ಮೂಲನಿವಾಸಿ ಸಂಗಡಿಗರು ಮತ್ತು ಆಳುಗಳು ತುಳಿದು ಹೋದರೂ ಆ ಹುಲ್ಲು ಮತ್ತೆ ಎದ್ದು ನಿಂತು, ಹೆಜ್ಜೆ ಗುರುತೇ ಉಳಿಯುತ್ತಿರಲಿಲ್ಲ. ಹಿಂದೆ ಬರುವವರು ದಾರಿ ತಪ್ಪದಿರಲಿ ಅಂತ ಮೂಳೆ, ಕಾಡೆಮ್ಮೆ ಸಗಣಿ ಗುಡ್ಡೆ ಹಾಕುತ್ತಾ ಹೋಗಬೇಕಾಯಿತಂತೆ. ಬೆನ್ನಹಿಂದೆಯೇ ಬಂದವರಿಗೆ ಕಾಣದ ದಾರಿ ನನಗೆ ಮೂರು ಪಿಕ್ಸೆಲ್ ದಪ್ಪಕ್ಕೆ ಕಂಡಿತ್ತು!

ಆಮೇಲೆ ಬಿದ್ದಿದ್ದು ನಿಜವಾದ ಕೆಲಸ. ಅವರು ದೂರ ಬರೆದದ್ದು ಲೀಗಿನಲ್ಲಿ; ಆಗಿನ ಸ್ಪೇನಿನ ಒಂದು ಲೀಗ್ ಅಂದರೆ ಸುಮಾರು 4.2 ಕಿ.ಮೀ.ಯೂ ಆಗಬಹುದು, 5.6 ಕಿ.ಮೀ.ಯೂ ಆಗಬಹುದು. ನೂರು ಲೀಗಿಗೆ 140 ಕಿ.ಮೀ. ಹತ್ತಿರ ವ್ಯತ್ಯಾಸ! ಅವನು ಕಾನ್ಸಾಸ್‌ನಲ್ಲಿ ತಲುಪಿದ ಕ್ವಿವಿರಾ 40 ಡಿಗ್ರಿ ಅಕ್ಷಾಂಶದಲ್ಲಿದೆ ಅಂತ ಕೊರೊನಾಡೊ ರಾಜನಿಗೆ ಬರೆದ, ಆದರೆ ಅದು ಇನ್ನೂ ದಕ್ಷಿಣಕ್ಕಿದೆ ಅನ್ನುತ್ತಾರೆ ವಿದ್ವಾಂಸರು. ತಾರೀಖುಗಳು ಹಳೆಯ ಜೂಲಿಯನ್ ಕ್ಯಾಲೆಂಡರಿನವು, ಈಗಿನದಕ್ಕೆ ಹತ್ತು ದಿನ ಸರಿಸಿಕೊಳ್ಳಬೇಕು. ಕಾಸ್ತಾನ್ಯೇಡನ ಮೂಲ ಪ್ರತಿ ಇಲ್ಲ, ಇರುವುದು 1596ರ ನಕಲು. ಕೊನೆಗೆ ಗೆರೆ ತೆಗೆದು, ದಾರಿ ಇದರೊಳಗೆ ಎಲ್ಲೋ ಇರಬಹುದು ಅನ್ನುವ ಪಾಲಿಗನ್ (ಪಟ್ಟಿಯಂಥ ಪ್ರದೇಶ) ಕೊಟ್ಟೆ, ಬ್ಲಾಂಕೋ ಕಣಿವೆಯ ಹತ್ತಿರ ಬೆರಳಗಲ, ಬಯಲಿನಲ್ಲಿ ಒಂದು ಜಿಲ್ಲೆಯಷ್ಟು ಅಗಲ. ಮೇಡಂ ಒಪ್ಪಿದರು. ನಮ್ಮವರು ಆ ಗಂಟೆಗಳನ್ನು 'ರೀವರ್ಕ್' ಅಂತ ಹಾಕಿ ಬಿಲ್ಲಿನಿಂದ ಕಿತ್ತರು.

ಈಗ ನಮ್ಮ ಟೆಂಪ್ಲೇಟಿನಲ್ಲಿ 'ಕಾನ್ಫಿಡೆನ್ಸ್' (ಎಷ್ಟು ಖಚಿತ) ಅಂತ ಒಂದು ಕಾಲಂ ಕಡ್ಡಾಯ. ನಾನೇ ಹಟ ಹಿಡಿದು ಹಾಕಿಸಿದ್ದು. ಖಾಲಿ ಬಿಟ್ಟರೆ ಸೇವ್ ಆಗುವುದಿಲ್ಲ, ಅದಕ್ಕೆ ಎಲ್ಲರೂ ಮೇಲಿನಿಂದ ಕೆಳಗಿನವರೆಗೆ 'ಮೀಡಿಯಂ' ಅಂತ ಎಳೆದುಬಿಡುತ್ತಾರೆ.