ಅಜ್ಜ ಮಣಿಕಟ್ಟು ಹಿಡಿದಾಗ

ಮಂಗಳವಾರ, 14 ಅಕ್ಟೋಬರ್ 2025

ಕಾಲು ಸೋತಿದೆ, ಆದರೂ ಬರೆಯದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ. ಬೆಳಗಿನ ಹ್ಯಾಂಡೋವರ್, ಹಾಜರಿ, ಲಾಗ್‌ಬುಕ್ಕಿಗೆ ಸಹಿ ಎಲ್ಲವೂ ಎಂದಿನಂತೆಯೇ ಆಯಿತು. ಬರೆಯಬೇಕಾಗಿರುವುದು ಐಸಿಯುವಿನ ಕಿಟಕಿ ಪಕ್ಕದ ಹಾಸಿಗೆಯ ಬಳಿ ನಡೆದದ್ದನ್ನು.

ಅಲ್ಲಿರುವ ಅಜ್ಜನಿಗೆ ಟ್ರಕಿಯಾಸ್ಟಮಿ ಆಗಿದೆ, ಅಂದರೆ ಉಸಿರಾಡಲು ಕತ್ತಿನಲ್ಲಿ ತೂತು ಮಾಡಿ ಶ್ವಾಸನಾಳಕ್ಕೆ ಕೊಳವೆ ಇಟ್ಟಿದ್ದಾರೆ. ಪ್ರಜ್ಞೆ ಚೆನ್ನಾಗಿದೆ, ಮಾತು ಹೊರಡುವುದಿಲ್ಲ. ಇಂದು ಸಕ್ಷನ್ ಮಾಡುವ, ಅಂದರೆ ಆ ಕೊಳವೆಯಿಂದ ಕಫ ಹೀರಿ ತೆಗೆಯುವ ಸರದಿ ನನ್ನ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳದು. ಸ್ಕಿಲ್ ಲ್ಯಾಬಿನಲ್ಲಿ ಅಭ್ಯಾಸದ ಗೊಂಬೆಯಾದ ಮ್ಯಾನಿಕಿನ್‌ಗೂ ‘ಸ್ವಲ್ಪ ಕೆಮ್ಮು ಬರಬಹುದು, ಹೆದರಬೇಡಿ’ ಎಂದು ಹೇಳಿ ಉಳಿದವರನ್ನೆಲ್ಲ ನಗಿಸಿದ್ದಳಲ್ಲ, ಅವಳೇ.

ಕೈ ತೊಳೆದದ್ದು, ಆಮ್ಲಜನಕ ಹೆಚ್ಚಿಸಿದ್ದು, ಕೊಳವೆಯ ಒಳ ಅಳತೆಯ ಅರ್ಧಕ್ಕಿಂತ ದಪ್ಪವಿಲ್ಲದ ಕ್ಯಾಥೆಟರ್ (ಕಫ ಹೀರುವ ತೆಳು ನಳಿಕೆ) ಆರಿಸಿದ್ದು, ಎಲ್ಲವೂ ಅಚ್ಚುಕಟ್ಟು. ಒಳಗೆ ಇಳಿಸುವಾಗ ಸಕ್ಷನ್ ಕೊಡಲಿಲ್ಲ. ಹೊರಗೆಳೆಯಲು ಶುರುಮಾಡಿ ಎಡಗೈಯ ಹೆಬ್ಬೆರಳಿನಿಂದ ಅದರ ಬುಡದ ರಂಧ್ರ ಮುಚ್ಚಿದಳು; ಅದನ್ನು ಮುಚ್ಚಿದರೆ ಮಾತ್ರ ಹೀರುತ್ತದೆ. ಅಜ್ಜನಿಗೆ ಕೆಮ್ಮು ಒತ್ತರಿಸಿ ಬಂತು, ಕಣ್ಣಲ್ಲಿ ನೀರಾಡಿತು. ಹೊದಿಕೆಯಡಿಯಿಂದ ಅವರ ಕೈ ಮೇಲೆದ್ದು ಅವಳ ಎಡ ಮಣಿಕಟ್ಟನ್ನು ಹಿಡಿದುಕೊಂಡಿತು. ದೂಡಲಿಲ್ಲ, ಎಳೆಯಲೂ ಇಲ್ಲ. ಬರೀ ಹಿಡಿತ.

ಅವಳ ಹೆಬ್ಬೆರಳು ರಂಧ್ರ ಬಿಟ್ಟಿತು. ಕ್ಯಾಥೆಟರ್ ಸಕ್ಷನ್ ಇಲ್ಲದೆ, ನಿಧಾನವಾಗಿ, ನಡುಗದೆ ಹೊರಬಂತು. ಕಫ ಇನ್ನೂ ಗೊರಗೊರ ಎನ್ನುತ್ತಿತ್ತು. ಮತ್ತೆ ಆಮ್ಲಜನಕ ಕೊಟ್ಟು, ಮಾನಿಟರಿನಲ್ಲಿ ಸ್ಯಾಚುರೇಶನ್ (ರಕ್ತದ ಆಮ್ಲಜನಕದ ಮಟ್ಟ) ಏರುವವರೆಗೆ ಕಾದಳು. ಆಮೇಲೆ ಬಾಗಿ, “ಅಜ್ಜ, ಇನ್ನೂ ಸ್ವಲ್ಪ ಉಳಿದಿದೆ. ತೆಗೆಯಲೇ? ಸರಿ ಎಂದಾದರೆ ಒಮ್ಮೆ ಕಣ್ಣು ಮುಚ್ಚಿ” ಎಂದಳು. ಅಜ್ಜ ಅವಳನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಕಣ್ಣು ಮುಚ್ಚಿದರು, ಕೈ ಮಾತ್ರ ಬಿಡಲಿಲ್ಲ. ಎರಡನೆಯ ಸಲ ಅವರ ಹಿಡಿತದೊಳಗಿದ್ದ ಕೈಯಿಂದಲೇ ಮಾಡಿ ಮುಗಿಸಿದಳು.

ನನ್ನ ಜೊತೆ ಚೆಕ್‌ಲಿಸ್ಟ್ ನೋಡಿ ಅಂಕ ಹಾಕುತ್ತಿದ್ದವರು ‘ಮೊದಲ ಪ್ರಯತ್ನ ಅಪೂರ್ಣ’ ಎಂದು ಬರೆದರು. ಕಾಗದದ ಪ್ರಕಾರ ಅದು ಸರಿಯೇ. ನನಗೆ ಮೈ ಉರಿದುಹೋಯಿತು.

ಚೆಕ್‌ಲಿಸ್ಟ್ ಬೇಡವೆಂದು ನಾನು ಎಂದೂ ಹೇಳುವವಳಲ್ಲ. ಅದರ ಒಂದೊಂದು ಸಾಲಿಗೂ ಕಾರಣವಿದೆ. ಇಳಿಸುವಾಗಲೇ ಸಕ್ಷನ್ ಕೊಟ್ಟರೆ ಶ್ವಾಸನಾಳದ ಒಳಪದರ ಗಾಯವಾಗುತ್ತದೆ, ಇದ್ದ ಆಮ್ಲಜನಕವೂ ಹೀರಿಹೋಗುತ್ತದೆ. 15 ಸೆಕೆಂಡ್ ಮೀರಿದರೆ ಸ್ಯಾಚುರೇಶನ್ ಕುಸಿಯುತ್ತದೆ. ವೇಗಸ್ ನರ ಕೆರಳಿ ಹೃದಯದ ಬಡಿತವೇ ನಿಧಾನವಾಗಬಹುದು. ಇದೆಲ್ಲ ಬಾಯಿಪಾಠವಾಗಿ, ಕೈಗೂ ಪಾಠವಾಗಿರಬೇಕು. ಕೈ ತನ್ನಷ್ಟಕ್ಕೆ ಕೆಲಸ ಮಾಡಿದರೆ ತಾನೇ ಕಣ್ಣಿಗೆ ರೋಗಿಯ ಮುಖ ನೋಡಲು ಬಿಡುವು? ಆ ಬಿಡುವಿನಲ್ಲಿ ಅವಳು ಮಾಡಿದ್ದಕ್ಕೆ ಪಟ್ಟಿಯಲ್ಲಿ ಒಂದು ಚೌಕವೂ ಇಲ್ಲ. ಎರಡು ಗಂಟೆಗೊಮ್ಮೆ ಗಡಿಯಾರ ನೋಡಿಕೊಂಡು, ಬೇಕಿರಲಿ ಬೇಡವಿರಲಿ, ಸಕ್ಷನ್ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಅದಕ್ಕಾದರೆ ಯಾರೂ ಅಂಕ ಕಳೆಯುವುದಿಲ್ಲ!

ಕೆಲಸ ಮುಗಿದ ಮೇಲಿನ ಚರ್ಚೆಯಾದ ಡಿಬ್ರೀಫಿಂಗ್‌ನಲ್ಲಿ ಉಳಿದವರು ಎದ್ದುಹೋದ ಮೇಲೂ ಅವಳು ಕುಳಿತಿದ್ದಳು.

“ಮೇಡಂ, ಅವರು ಬೇಡವೆಂದು ಹಿಡಿದರೋ, ಆಸರೆಗೆಂದು ಹಿಡಿದರೋ, ಹೇಗೆ ಗೊತ್ತಾಗಬೇಕು?”

“ನಿನಗೆ ಏನನ್ನಿಸಿತು?”

“ಏನೂ ಅನ್ನಿಸಲಿಲ್ಲ. ಬೆರಳು ತಾನಾಗಿಯೇ ಎದ್ದಿತು. ನೀವು ಹೇಳಿದಂತೆ ನಾನೂ ಉಸಿರು ಕಟ್ಟಿಕೊಂಡಿದ್ದೆ. ಅವರು ಹಿಡಿದ ಕೂಡಲೇ ಬಿಟ್ಟುಬಿಟ್ಟೆ.”

ಉಸಿರು ಕಟ್ಟಿಕೊಳ್ಳುವುದು ಹಳೆಯ ಉಪಾಯ. ಕ್ಯಾಥೆಟರ್ ಇಳಿಸುವಾಗ ನೀನೂ ಉಸಿರು ಹಿಡಿ, ನಿನಗೆ ಉಸಿರು ಬೇಕೆನಿಸಿದಾಗ ರೋಗಿಗೂ ಬೇಕಾಗಿರುತ್ತದೆ ಎಂದು ನನಗೆ ಕಲಿಸಿದವರು ಹೇಳುತ್ತಿದ್ದರು. ಆರೋಗ್ಯವಂತಳಾದ ಇಪ್ಪತ್ತೊಂದರ ಹುಡುಗಿಯ ಉಸಿರು ಅಜ್ಜನ ಉಸಿರಿಗಿಂತ ಎಷ್ಟೋ ಉದ್ದ ಎನ್ನುವುದನ್ನು ಮಾತ್ರ ಅವರು ಹೇಳುತ್ತಿರಲಿಲ್ಲ. ಅವಳಿಗೆ ಅದನ್ನೇ ಹೇಳಿದೆ. ಎದೆಯ ಏರಿಳಿತ ನೋಡು, ಮಾನಿಟರ್ ನೋಡು, ಹುಬ್ಬು ನೋಡು, ಮತ್ತೆ ಕೇಳು, ಎಂದೆ. ಕೇಳಿದ್ದೆನಲ್ಲ ಮೇಡಂ, ಎಂದಳು. ಹೌದು, ಕೇಳಿದ್ದಳು.

ಹೊಸ ಮ್ಯಾನಿಕಿನ್ ಬಂದಿದೆ. ಅದು ಕಣ್ಣು ಮಿಟುಕಿಸುತ್ತದೆ, ತುಟಿ ನೀಲಿಗಟ್ಟುತ್ತದೆ. ಎಲ್ಲರೂ ಅದರ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. ನಾನೂ ನಿಂತೆ. 1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ‘ಮಿಸೆಸ್ ಚೇಸ್’ ಎಂಬ ಆಳೆತ್ತರದ ಗೊಂಬೆ ಬಂದಾಗಲೂ ಹುಡುಗಿಯರು ಹೀಗೆಯೇ ಮುತ್ತಿಕೊಂಡಿರಬೇಕು. ಗೊಂಬೆಗಳ ಮೇಲೆ ನನಗೇನೂ ಮುನಿಸಿಲ್ಲ. ರೋಗಿಯ ಬಳಿ ಕಳೆಯಬೇಕಾದ ತರಬೇತಿ ಅವಧಿಯಲ್ಲಿ ಅರ್ಧದವರೆಗೂ ಒಳ್ಳೆಯ, ಗೊಂಬೆಗಳ ಮೇಲಿನ ಅಣಕು ಅಭ್ಯಾಸವಾದ ಸಿಮ್ಯುಲೇಶನ್‌ಗೆ ಬಿಟ್ಟುಕೊಟ್ಟರೂ ಕಲಿಕೆ ಕುಂದುವುದಿಲ್ಲವೆಂದು 2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೇ ತೋರಿಸಿತು. ನಾನು ಅದನ್ನು ಒಪ್ಪುತ್ತೇನೆ. ಹುಡುಗಿ ಮೊದಲ ಸಲ ತಡವರಿಸುವುದು ರಬ್ಬರಿನ ಗಂಟಲಿನಲ್ಲೇ ಆಗಲಿ. ಆದರೆ ಉಳಿದರ್ಧದಲ್ಲಿ ಒಬ್ಬ ರೋಗಿಯ ಸುತ್ತ ಆರೇಳು ಜನ ಕತ್ತು ಉದ್ದ ಮಾಡಿ ನಿಂತರೆ, ಕೈ ಹಿಡಿಸಿಕೊಳ್ಳುವ ಸರದಿ ಯಾರಿಗೆ ಬರುತ್ತದೆ?

ಸಂಜೆಯಿಂದ ಒಂದು ಯೋಚನೆ ತಲೆ ತಿನ್ನುತ್ತಿದೆ. ಹೊಸ ಮ್ಯಾನಿಕಿನ್ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ, ಹೊದಿಕೆಯಡಿಯಿಂದ ಕೈ ಮಾತ್ರ ಹೊರಗೆ ಬರುವಂತೆ ಮಾಡಿದರೆ? ನಡುವೆ ಎಲ್ಲೋ ಒಮ್ಮೆ ಹಿಡಿಯಬೇಕು. ಮೊದಲೇ ಗೊತ್ತಾದರೆ ಕಾದುಕೊಂಡಿರುತ್ತಾರೆ, ಗೊತ್ತಿಲ್ಲದೆ ಹಿಡಿದರೆ ಯಾರಾದರೂ ಕಿರುಚಿಕೊಂಡು ಕ್ಯಾಥೆಟರ್ ಬಿಸಾಡುತ್ತಾರೆ. ಅಲ್ಲಿಯೇ ಕಿರುಚಿದರೆ ಒಳ್ಳೆಯದೇ. ಕೂರುವವರು ಯಾರು? ಅವಳನ್ನೇ ಕೇಳಬೇಕು. ಅಜ್ಜ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದು ಗೊತ್ತಿರುವುದು ಅವಳಿಗೊಬ್ಬಳಿಗೇ. ಆದರೆ ಗುರುವಾರದಿಂದ ಅವಳಿಗೆ ರಾತ್ರಿ ಪಾಳಿ, ಇನ್‌ಚಾರ್ಜ್ ಸಿಸ್ಟರ್ ಬಿಡುತ್ತಾರೋ ಇಲ್ಲವೋ, ಬಿಟ್ಟರೂ ಹಗಲೆಲ್ಲ ನಿದ್ದೆಗೆಡಿಸಿ